ಡ್ರೈವರ್ ಬಾಟಾ ಬೇರೆ

ಗ್ರೀಸ್ ನೋಡಿಕೊಂಡು ಬಂದ ಮೇಲೆ ನಮ್ಮ ಷಡ್ಡಕರು ಮನೆಗೆ ಬಂದವರ ಮುಂದೆಲ್ಲ ಪೇಪರ್ ಹರಿಯುತ್ತಾರೆ.

ಮೊದಲ ಸಲ ನೋಡಿದಾಗ ನನಗೂ ಗಾಬರಿಯಾಯಿತು. ಬೆಂಗಳೂರಿನ ಸಹಕಾರನಗರದ ಅವರ ಮನೆಯ ಹಾಲಿನಲ್ಲಿ ನಮ್ಮನ್ನೆಲ್ಲ ಸಾಲಾಗಿ ಕೂರಿಸಿದರು. ಟೀವಿ ಆಫ್ ಮಾಡಿಸಿದರು, ಫ್ಯಾನ್ ನಿಲ್ಲಿಸಿದರು. ಆಮೇಲೆ ಮೂಲೆಗೆ ಹೋಗಿ ನಿಂತು ಹಳೇ ಕರೆಂಟ್ ಬಿಲ್ಲೊಂದನ್ನು ನಿಧಾನವಾಗಿ ಎರಡು ಹೋಳು ಮಾಡಿದರು. "ಕೇಳಿಸ್ತಾ?" ಕೇಳಿಸಿತು ಅಂದೆವು. "ಇಲ್ಲಿ ಕೇಳಿಸೋದು ದೊಡ್ಡದಲ್ಲ. ಎಪಿಡಾರಸ್ಸಿನ ರಂಗಮಂದಿರದಲ್ಲಿ 55 ಸಾಲು ಮೆಟ್ಟಿಲು. ಕೆಳಗೆ ನಿಂತು ಪೇಪರ್ ಹರಿದರೆ ಮೇಲಿನ ಸಾಲಿಗೆ ಕೇಳಿಸುತ್ತೆ. ಕ್ರಿಸ್ತಪೂರ್ವ 4ನೇ ಶತಮಾನದ್ದು ಕಣ್ರೀ. ಮೈಕಿಲ್ಲ, ಕರೆಂಟಿಲ್ಲ!"

ಈ ವಿದ್ಯೆಯನ್ನು ಅವರಿಗೆ ಹೇಳಿಕೊಟ್ಟವನು ಅವರ ಕಾರಿನ ಡ್ರೈವರ್. ಬರೀ ಡ್ರೈವರ್ ಅಂದರೆ ಷಡ್ಡಕರಿಗೆ ಸಿಟ್ಟು ಬರುತ್ತೆ. "ಡ್ರೈವರ್-ಗೈಡ್" ಅನ್ನಬೇಕು. ಅಥೆನ್ಸಿನಲ್ಲಿ ಕಪ್ಪು ಮರ್ಸಿಡಿಸ್ ತಂದು, ಬಾಗಿಲು ತೆಗೆದು, ಕೈ ಕುಲುಕಿ, ಐದು ದಿನ ದೇಶ ಸುತ್ತಿಸಿದ ಮನುಷ್ಯ. ಅವನ ಹೆಸರು ನಮ್ಮ ಇಡೀ ಬಳಗಕ್ಕೆ ಬಾಯಿಪಾಠ. ಬೇರೆ ದೇಶದವನ ಹೆಸರನ್ನು ಕೇಳದೇ ಅಚ್ಚು ಹಾಕಿಸುವುದು ಸರಿಯಲ್ಲವಾದ್ದರಿಂದ ಇಲ್ಲಿ ಬರೆಯುತ್ತಿಲ್ಲ. ಕೊನೆಗೆ ಒಂದು 'ಇಸ್' ಬರುತ್ತೆ ಅಂತ ಇಟ್ಟುಕೊಳ್ಳಿ. ಹೆಂಡತಿ ಸ್ಕೂಲ್ ಮೇಡಂ, ದೊಡ್ಡ ಮಗನಿಗೆ ಗಣಿತ ಹತ್ತೋದಿಲ್ಲ, ನಾಯಿಗೆ ಒಂದು ಕಣ್ಣು ಮಂಜು. ನಮ್ಮ ಅಕ್ಕ, ಅಂದರೆ ಷಡ್ಡಕರ ಮನೆಯವರು, ಆ ನಾಯಿಗೆ ಮನೆಮದ್ದನ್ನೂ ವಾಟ್ಸಾಪಿನಲ್ಲಿ ಕಳಿಸಿದ್ದಾರೆ.

ಫೋಟೋಗಳಲ್ಲೂ ಅವನೇ. ಕೊರಿಂಥ್ ಕಾಲುವೆ ಸೇತುವೆ ಮೇಲೆ ಷಡ್ಡಕರು ಮತ್ತು ಅವನು. ಮೈಸೀನಿಯಲ್ಲಿ ಅವನ ಬಂಧುವಿನ ಮಡಕೆ ಅಂಗಡಿ ಮುಂದೆ ಅಕ್ಕ ಮತ್ತು ಅವನು. (ಬಂಧು ಅಂದರೆ ಕಮಿಷನ್ ಅಂತ ನನಗೆ ಅನ್ನಿಸಿತು. "ಎಷ್ಟು ಆತ್ಮೀಯತೆ ನೋಡಿ, ಬಂಧುಗಳನ್ನೆಲ್ಲ ಪರಿಚಯ ಮಾಡಿಸಿದ" ಅಂದರು ಅಕ್ಕ.) ಊಟದ ಮೇಜಿನಲ್ಲಿ ಮೂವರೂ. ಒಂದೇ ತಟ್ಟೆಯ ಆಲಿವ್ ಕಾಯಿಗೆ ಮೂರು ಕೈ.

"ಅಲ್ಲಿ ಕಾನೂನು ಹೇಗಿದೆ ಗೊತ್ತಾ? ಪುರಾತನ ಜಾಗಗಳ ಒಳಗೆ ಲೈಸೆನ್ಸ್ ಇರೋ ಗೈಡೇ ವಿವರಿಸಬೇಕು. ಇವನು ಗೇಟಿನ ತನಕ ಎಲ್ಲ ಹೇಳಿ, 'ಇನ್ನು ನೀವು ಹೋಗಿಬನ್ನಿ, ನಾನು ನೆರಳಲ್ಲಿ ಕಾಫಿ ಕುಡೀತಿರ್ತೀನಿ' ಅಂತ ನಿಂತುಬಿಡ್ತಿದ್ದ. ಎಂಥ ಶಿಸ್ತು! ಎಂಥ ಸ್ವಾಭಿಮಾನ!" ಅಂದರು ಷಡ್ಡಕರು. ಆ ಕ್ಷಣದಲ್ಲಿ ಅವರನ್ನು ಯಾರಾದರೂ ಕಾರ್ಮಿಕ ಮಂತ್ರಿ ಮಾಡಿದ್ದರೆ ದೇಶ ಉದ್ಧಾರವಾಗುತ್ತಿತ್ತು.

ಇನ್ನೊಂದು ಫೋಟೋ ಬಂತು. ಒಂದು ಮರದ ಕೆಳಗೆ ಷಡ್ಡಕರು, ಎಲೆ ಹಿಡಿದುಕೊಂಡು. "ಆ ಕಡೆ ಸೀಮೆಗೆ ಹಿಂದೆ 'ಮೊರಿಯಾ' ಅಂತ ಹೆಸರಿತ್ತಂತೆ. ಈ ಮರದಿಂದಲೇ ಬಂದ ಹೆಸರು ಅಂತಾರೆ. ರೇಷ್ಮೆ ಹುಳಕ್ಕೆ ಹಾಕ್ತಿದ್ದರಂತೆ. ಜಸ್ಟಿನಿಯನ್ ಚಕ್ರವರ್ತಿ ಕಾಲದಲ್ಲಿ ಸನ್ಯಾಸಿಗಳು ಪೂರ್ವದ ಕಡೆಯಿಂದ ಹುಳದ ಮೊಟ್ಟೇನ ಟೊಳ್ಳು ಕೋಲಿನಲ್ಲಿ ಕದ್ದು ತಂದರಂತೆ. ಎಂಥಾ ರೋಚಕ ಇತಿಹಾಸ!"

ನಾನು ಎಲೆ ನೋಡಿದೆ. ಹಿಪ್ಪುನೇರಳೆ. ನಮ್ಮ ಕಡೆ ಅದಕ್ಕೆ ಹೆಸರೂ ಇಲ್ಲ, ಬರೀ 'ಸೊಪ್ಪು'. ಷಡ್ಡಕರು ಹುಟ್ಟಿದ್ದು ಶಿಡ್ಲಘಟ್ಟ ತಾಲ್ಲೂಕಿನಲ್ಲೇ, ಹುಳ ಮನೆಯ ಪಕ್ಕದ ಕೋಣೆಯಲ್ಲಿ. ಅವರ ಇಂಜಿನಿಯರಿಂಗ್ ಫೀಸು ಕಟ್ಟಿದ್ದು ಗೂಡು. ನಾಲ್ಕನೇ ಜ್ವರ ಎದ್ದ ಹುಳಕ್ಕೆ ರಾತ್ರಿ ಎರಡು ಗಂಟೆಗೆ ಸೊಪ್ಪು ಹಾಕಿದ ಕೈ ಅವರ ತಾಯಿಯದು. ಐವತ್ತು ವರ್ಷ ಕಣ್ಣಿಗೆ ಬೀಳದ ಸೊಪ್ಪು ಗ್ರೀಸಿನವನು ಬೆರಳು ತೋರಿಸಿದ ಮೇಲೆ ಕಾಣಿಸಿತು.

"ನಿಮ್ಮ ಸಾದಲಿ ಕಡೆ ಏನಿದೆ ನೋಡೋಕೆ?" ಅಂತ ಕೊನೆಗೆ ಕೇಳಿದರು. "ಎರಡು ದಿನ ಬಿಡುವಾಗಿದ್ದೀನಿ. ಅದೇ ಥರ ಪ್ರೈವೇಟ್ ಡ್ರೈವರ್-ಗೈಡ್ ಇಟ್ಟುಕೊಂಡು ನೋಡೋಣ."

ಊರಿಗೆ ಬಂದು ಸ್ಟ್ಯಾಂಡಿನಲ್ಲಿ ಹೇಳಿ ಒಂದು ಬಿಳಿ ಇನ್ನೋವಾ ಗೊತ್ತು ಮಾಡಿದೆ. ಹಳದಿ ಬೋರ್ಡು, ಕೆಎ-40. ಡ್ರೈವರ್ ನಮ್ಮ ಹೋಬಳಿಯವನೇ, ಮೂವತ್ತರ ಆಸುಪಾಸು. ದರ ಹೇಳಿದ: ಕಿಲೋಮೀಟರಿಗೆ ಇಷ್ಟು, ದಿನಕ್ಕೆ ಕನಿಷ್ಠ 300 ಕಿ.ಮೀ., ಟೋಲು ಪಾರ್ಕಿಂಗು ನಿಮ್ಮದು, ಡ್ರೈವರ್ ಬಾಟಾ ಬೇರೆ.

ಷಡ್ಡಕರಿಗೆ ಫೋನ್ ಮಾಡಿದೆ. ಯೂರೋ ಲೆಕ್ಕದಲ್ಲಿ ಹೇಳಿದ ರೇಟಿಗೆ 'ಓಕೆ' ಅಂದು, ಮೇಲೆ ಕವರಿನಲ್ಲಿ ಟಿಪ್ಸ್ ಇಟ್ಟು ಎರಡೂ ಕೈಯಲ್ಲಿ ಕೊಟ್ಟು ಬಂದ ಮನುಷ್ಯ ಅರ್ಧ ಗಂಟೆ ವಾದಿಸಿದರು. "ನಾನು ಕೂರೋದು ಹೆಬ್ಬಾಳದಲ್ಲಿ. ಸಾದಲಿಯಿಂದ ಹೆಬ್ಬಾಳಕ್ಕೆ ಖಾಲಿ ಬರೋದಕ್ಕೆ ನಾನ್ಯಾಕೆ ಕೊಡಬೇಕು? ಬಾಟಾ ಅಂದ್ರೇನು? ಸಂಬಳ ಇಲ್ವಾ ಅವನಿಗೆ?" ಕಾರು ಅವನದೇ, ಕಂತು ಕಟ್ಟುತ್ತಿದ್ದಾನೆ ಅಂದೆ. "ಹಾಗಾದ್ರೆ ಓನರ್ರೇ ಆದ. ಓನರಿಗೆ ಬಾಟಾ ಯಾಕೆ?" ಅಂದರು. ತರ್ಕಶಾಸ್ತ್ರ ಗ್ರೀಸಿನಲ್ಲಿ ಹುಟ್ಟಿದ್ದು ಅಂತ ಓದಿದ್ದೆ. ಹೋಗಿಬಂದವರಿಗೆ ಹತ್ತಿಕೊಳ್ಳುತ್ತೆ ಅಂತ ಗೊತ್ತಿರಲಿಲ್ಲ.

ನಂದಿಯಲ್ಲಿ ಸೂರ್ಯೋದಯ ನೋಡಬೇಕಿತ್ತು. ನಾಲ್ಕೂವರೆಗೆ ಹೆಬ್ಬಾಳ ಬಿಡಬೇಕು ಅಂದರೆ ಸಾದಲಿಯಿಂದ ಕಾರು ಎರಡೂವರೆಗೆ ಹೊರಡಬೇಕು. ನಾನೂ ಅದರಲ್ಲೇ ಹೋದೆ. ಹೆಬ್ಬಾಳದಲ್ಲಿ ಷಡ್ಡಕರು ಹತ್ತುವಾಗ ಮುಂದಿನ ಸೀಟಿನಿಂದ ಇಳಿದು, "ಅಣ್ಣ, ನೀವು ಮುಂದೆ ಬನ್ನಿ, ಗ್ರೀಸಿನಲ್ಲಿ ಮುಂದೇನೇ ಕೂತಿದ್ರಿ ಅಂದ್ರಲ್ಲ" ಅಂದೆ. ಅವರು ನನ್ನನ್ನು ಮರುಕದಿಂದ ನೋಡಿದರು. "ಅಲ್ಲಿ ಬೇರೆ. ಇಲ್ಲಿ ಮಧ್ಯದ ಸೀಟೇ ಆರಾಮು." ನಮ್ಮ ದೇಶದಲ್ಲಿ ಬಾಡಿಗೆ ಕಾರಿನ ಮುಂದಿನ ಸೀಟು ಬಡ ನೆಂಟನಿಗೆ ಮೀಸಲು. ನಾನು ಮತ್ತೆ ಹತ್ತಿ ಕೂತೆ.

ಇನ್ನೋವಾದಲ್ಲಿ ಇರೋದು ಮೂರು ಸಾಲು. ದೇವನಹಳ್ಳಿ ದಾಟುವಾಗ ಡ್ರೈವರ್, "ಸಾರ್, ಒಂದೈದು ನಿಮಿಷ ನಿಲ್ಲಿಸಿ ಟೀ ಕುಡೀಬೋದಾ? ಕಣ್ಣು ಎಳೀತಾ ಐತೆ" ಅಂದ. ಮೊದಲ ಸಾಲಿನಲ್ಲಿದ್ದ ನನಗೆ ಕೇಳಿಸಿತು. ಎರಡನೇ ಸಾಲಿಗೆ ಕೇಳಿಸಲಿಲ್ಲ. ಎಪಿಡಾರಸ್ ಕಟ್ಟಿದವರು ಎಂಥ ಶಿಲ್ಪಿಗಳು ಅಂತ ನನಗೆ ಅರ್ಥವಾದದ್ದು ಆಗ.

ಬೆಟ್ಟದ ಮೇಲೆ ಮೋಡ ಸಿಕ್ಕಿತು, ಸೂರ್ಯ ಸಿಗಲಿಲ್ಲ. ನಮ್ಮವನು ಗೇಟಿನ ಹತ್ತಿರ ನಿಲ್ಲುವ ಪೈಕಿಯಲ್ಲ. ಲೈಸೆನ್ಸೂ ಇಲ್ಲ, ಲೈಸೆನ್ಸ್ ಕೇಳುವವರೂ ಇಲ್ಲ. ಬ್ಯಾಗು, ನೀರಿನ ಬಾಟಲು, ಅಕ್ಕನ ಸ್ವೆಟರು ಹೊತ್ತುಕೊಂಡೇ ಇತಿಹಾಸ ಹೇಳಿದ. "1791ರಲ್ಲಿ ಕಾರ್ನ್‌ವಾಲಿಸ್ ಸೈನ್ಯ ಕೋಟೆ ಹಿಡೀತು ಸಾರ್. 1927ರಲ್ಲಿ, ಆಮ್ಯಾಲೆ 1936ರಲ್ಲಿ ಗಾಂಧೀಜಿ ಬಂದು ಆರೋಗ್ಯ ಸುಧಾರಿಸ್ಕೊಂಡ್ರು. 1961ರಲ್ಲಿ ಇಂಗ್ಲೆಂಡ್ ರಾಣಿ. 1986ರಲ್ಲಿ ಸಾರ್ಕ್ ದೇಶಗಳ ಲೀಡರ್‌ಗಳೆಲ್ಲ." ಇಸವಿಗಳೆಲ್ಲ ಸರಿಯಾಗಿದ್ದವು. ಷಡ್ಡಕರು ಮೊಬೈಲ್ ತೆಗೆದು ಒಂದೊಂದನ್ನೂ ಅಲ್ಲೇ ತಾಳೆ ನೋಡಿದರು. ಗ್ರೀಸಿನವನು ಡೆಲ್ಫಿಯಲ್ಲಿ 'ಇದೇ ಭೂಮಿಯ ಹೊಕ್ಕುಳು' ಅಂದಾಗ ಮಾತ್ರ ತಾಳೆ ನೋಡದೆ ತಲೆಯಾಡಿಸಿ ಬಂದಿದ್ದರು.

ಕೆಳಗೆ ಭೋಗನಂದೀಶ್ವರ. 9ನೇ ಶತಮಾನದ ಆರಂಭದಿಂದ ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರಾದ ಮೇಲೊಬ್ಬರು ಕೈ ಹಾಕಿದ ಕಲ್ಲು. "ಅರುಣಾಚಲೇಶ್ವರ ಅಂದ್ರೆ ಶಿವನ ಬಾಲ್ಯ. ಭೋಗನಂದೀಶ್ವರ ಯೌವನ. ಬೆಟ್ಟದ ಮ್ಯಾಲಿರೋ ಯೋಗನಂದೀಶ್ವರ ವೈರಾಗ್ಯ" ಅಂದ ಡ್ರೈವರ್. ಇದಕ್ಕಿಂತ ಚೆನ್ನಾಗಿ ಯಾವ ಬ್ಯಾಡ್ಜಿನ ಗೈಡೂ ಹೇಳಲಾರ. ಷಡ್ಡಕರು, "ಇಲ್ಲಿ ಯಾವ್ಯಾವ ಸಿನಿಮಾ ಶೂಟಿಂಗ್ ಆಗಿದೆ?" ಅಂತ ಕೇಳಿದರು. ಕಲ್ಯಾಣಿಯ ನಾಲ್ಕೂ ಕಡೆ ಫೋಟೋ ಆಯಿತು. ಫೋನು ಅವನ ಕೈಯಲ್ಲಿ. "ಸ್ವಲ್ಪ ಬಗ್ಗಪ್ಪ, ಗೋಪುರ ಪೂರ್ತಿ ಬರಲಿ." ಅವನು ಬಗ್ಗಿದ, ಮಂಡಿಯೂರಿದ, ಒಂದು ಸಲ ನೆಲದ ಮೇಲೆ ಮಲಗಿಯೇ ತೆಗೆದ.

ಆಮೇಲೆ ಮುದ್ದೇನಹಳ್ಳಿ. ವಿಶ್ವೇಶ್ವರಯ್ಯನವರ ಸಮಾಧಿಯ ಮುಂದೆ ಷಡ್ಡಕರು ಸಮಯಪಾಲನೆಯ ಬಗ್ಗೆ ನಮಗೆಲ್ಲ ಹತ್ತು ನಿಮಿಷ ಉಪದೇಶ ಮಾಡಿದರು. ಡ್ರೈವರಿಗೆ ಊಟದ ಹೊತ್ತು ಮೀರಿ ಒಂದೂವರೆ ಗಂಟೆಯಾಗಿತ್ತು.

ರಾತ್ರಿ ಬೆಟ್ಟದ ತಪ್ಪಲಿನ ಒಂದು ರೆಸಾರ್ಟು. ನಮಗೆ ಎರಡು ರೂಮು. ಡ್ರೈವರಿಗೆ ಏನು ವ್ಯವಸ್ಥೆ ಅಂತ ಕೌಂಟರಿನಲ್ಲಿ ಕೇಳಿದೆ. ಹುಡುಗ ಪಾರ್ಕಿಂಗ್ ಕಡೆ ಕೈ ತೋರಿಸಿದ. ಅಲ್ಲಿ ನಾಲ್ಕೈದು ಕಾರುಗಳಲ್ಲಿ ಸೀಟು ಹಿಂದಕ್ಕೆ ಮಲಗಿಸಿಕೊಂಡು, ಗಾಜು ಎರಡು ಬೆರಳು ಇಳಿಸಿಕೊಂಡು, ಡ್ಯಾಷ್‌ಬೋರ್ಡಿನ ಮೇಲೆ ಕಾಲು ಹಾಕಿಕೊಂಡು ನಮ್ಮ ದೇಶದ ಡ್ರೈವರ್-ಗೈಡುಗಳು ವಿಶ್ರಾಂತಿಯಲ್ಲಿದ್ದರು. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಅಂತ ಒಂದಿತ್ತು, 1961ರದ್ದು, 2025ರ ತನಕ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಅಂತ ಅದು ಹೇಳುತ್ತಿತ್ತು. ಕನಿಷ್ಠ ಐವರು ಕೆಲಸಗಾರರಿರುವ ಸಂಸ್ಥೆಗೆ ಮಾತ್ರ ಅನ್ವಯವಾಗುತ್ತಿತ್ತು. ನಮ್ಮವನ ಸಂಸ್ಥೆಯಲ್ಲಿ ಇರೋದು ಅವನು ಮತ್ತು ಬ್ಯಾಂಕಿನ ಕಂತು. ಕಂತು ರಜಾ ಕೊಡೋದಿಲ್ಲ.

ಮಾರನೇ ದಿನ ಗೌರಿಬಿದನೂರಿನ ದಾರಿ, ವಿದುರಾಶ್ವತ್ಥ. ಇಲ್ಲಿ ಗ್ರೀಸಿನ ಇನ್ನೊಂದು ಫೋಟೋ ನೆನಪಿಗೆ ಬಂತು. ಥರ್ಮಾಪಿಲೆಯಲ್ಲಿ, ಲಿಯೊನಿಡಾಸನ ಪ್ರತಿಮೆ ಮುಂದೆ, ಷಡ್ಡಕರು ಕಣ್ಣೊರೆಸಿಕೊಳ್ಳುತ್ತಿರುವ ಫೋಟೋ. ಕ್ರಿಸ್ತಪೂರ್ವ 480ರಲ್ಲಿ 300 ಸ್ಪಾರ್ಟನ್ನರು ಪರ್ಷಿಯಾದ ಸೈನ್ಯಕ್ಕೆ ಎದುರು ನಿಂತು ಸತ್ತ ಕಥೆಯನ್ನು ಆ 'ಇಸ್' ಎಷ್ಟು ಚೆನ್ನಾಗಿ ಹೇಳಿದನೆಂದರೆ ಅಕ್ಕನಿಗೆ ಎರಡು ದಿನ ಊಟ ಸೇರಲಿಲ್ಲವಂತೆ.

ನಮ್ಮವನೂ ಕಾರು ನಿಧಾನ ಮಾಡಿದ. "ಸಾರ್, 1938, ಏಪ್ರಿಲ್ 25. ಬಾವುಟ ಹಾರಿಸಬಾರ್ದು ಅಂತ ಸಂಸ್ಥಾನದಲ್ಲಿ ಆರ್ಡರ್ ಇತ್ತು. ಇಲ್ಲಿ ಜನ ಸೇರಿದ್ರು. ಪೊಲೀಸ್ನೋರು ಗುಂಡು ಹಾರಿಸಿದ್ರು. ನಮ್ಮ ಕಡೆ ಜನಾನೇ ಸಾರ್, ರಾಗಿ ಬೆಳೆಯೋರು, ಕಡ್ಲೆಕಾಯಿ ಬೆಳೆಯೋರು. ಕರ್ನಾಟಕದ ಜಲಿಯನ್‌ವಾಲಾ ಬಾಗ್ ಅಂತಾರೆ."

ಹಿಂದಿನಿಂದ ಉತ್ತರ ಬಂತು. "ಇಲ್ಲಿ ಕ್ಲೀನಾಗಿರೋ ಟಾಯ್ಲೆಟ್ ಇದೆಯಾ?"

ಸ್ಮಾರಕದ ಮುಂದೆ ಕಾರಿನಿಂದ ಇಳಿದವರು ಇಬ್ಬರು, ಡ್ರೈವರ್ ಮತ್ತು ನಾನು. ಅವನು ಚಪ್ಪಲಿ ಬಿಟ್ಟು ನಿಂತ. ನಾನು ಹಾಕಿಕೊಂಡೇ ಇದ್ದೆ ಅಂತ ಆಮೇಲೆ ಗಮನಕ್ಕೆ ಬಂತು.

ಗುಡಿಬಂಡೆಯ ಕೋಟೆಯನ್ನು ಕಾರಿನ ಕಿಟಕಿಯಿಂದಲೇ ನೋಡಿದೆವು. ಗ್ರೀಸಿನ ಮೆಟಿಯೊರಾದಲ್ಲಿ ಬಂಡೆ ನೆತ್ತಿಯ ಮಠಗಳಿಗೆ ಮೆಟ್ಟಿಲು ಹತ್ತಿ ಹೋಗಿದ್ದ ಮಂಡಿಗಳಿಗೆ ಇಲ್ಲಿ ನೋವು ಕಾಣಿಸಿಕೊಂಡಿತ್ತು. ಹಿಂದೆ ಆ ಮಠಗಳಿಗೆ ಸನ್ಯಾಸಿಗಳನ್ನು ಬಲೆಯಲ್ಲಿ ಕೂರಿಸಿ ಮೇಲಕ್ಕೆ ಎಳೆಯುತ್ತಿದ್ದರಂತೆ. "ನೋಡಿ, ಬಂಡೇನ ಹೇಗೆ ಕಾಪಾಡಿಕೊಂಡಿದ್ದಾರೆ!" ಅಂದರು ಷಡ್ಡಕರು. ಅದೇ ಹೊತ್ತಿಗೆ ಎದುರಿನಿಂದ ಎಂ-ಸ್ಯಾಂಡ್ ಟಿಪ್ಪರೊಂದು ಬಂದು ನಮ್ಮ ಗಾಜಿಗೆಲ್ಲ ಧೂಳು ಎರಚಿ ಹೋಯಿತು. ಷಡ್ಡಕರು ಸಹಕಾರನಗರದಲ್ಲಿ ಮೂರನೇ ಮಹಡಿ ಏರಿಸುತ್ತಿದ್ದಾರೆ. ನಮ್ಮ ಸೀಮೆಯ ಬಂಡೆಗಳನ್ನು ಅವರೂ ಕಾಪಾಡುತ್ತಿದ್ದಾರೆ, ಪುಡಿ ಮಾಡಿಸಿ, ಗೋಡೆಯಲ್ಲಿ.

ಮಧ್ಯಾಹ್ನ ಊಟಕ್ಕೆ ಪೆರೇಸಂದ್ರದ ಮೇಲೆ ಸಾದಲಿಗೆ, ನಮ್ಮ ಮನೆಗೆ. ಮುದ್ದೆ, ಹಿದುಕಿದ ಬೇಳೆ ಸಾರು. ಒಳಗೆ ಎಲೆ ಹಾಕಿದರು. ಅಕ್ಕ ಅಡುಗೆಮನೆ ಬಾಗಿಲಿಂದ ಇಣುಕಿ ಡ್ರೈವರನ್ನು ಕೇಳಿದರು. "ನೀವು ಯಾವ ಜನ ಅಪ್ಪಾ?"

ಎರಡು ದಿನದಲ್ಲಿ ಅವನ ಬಗ್ಗೆ ನಮ್ಮ ಬಳಗ ಕೇಳಿದ ಮೊದಲ ಪ್ರಶ್ನೆ ಅದು. ಗ್ರೀಸಿನವನನ್ನು ಯಾವ ಜನ ಅಂತ ಯಾರೂ ಕೇಳಿರಲಿಲ್ಲ. ಆಲಿವ್ ತಟ್ಟೆಗೆ ಕೈ ಹಾಕಿದವನು ಅಲ್ಲಿ ಯಾವ ಪೈಕಿ ಅಂತ ತಿಳಿಯದೆಯೇ ಬಂದುಬಿಟ್ಟಿದ್ದರು. ಪರದೇಶದಲ್ಲಿ ಜಾತಿ ಕೆಡೋದಿಲ್ಲ, ವೀಸಾ ಹೊಡೆದಾಗಲೇ ಶುದ್ಧಿಯಾಗಿರುತ್ತೆ. ನಮ್ಮವನು ನಕ್ಕು, "ಇಲ್ಲೇ ಕೊಟ್ಬಿಡಿ ಅಕ್ಕ, ಕಾರು ನೋಡ್ಕೋಬೇಕು" ಅಂದ. ಎಷ್ಟು ವರ್ಷದ ಅಭ್ಯಾಸವೋ, ಪ್ರಶ್ನೆಗೆ ಉತ್ತರ ಕೊಡದೆ ಜಾಗ ಮಾತ್ರ ತಾನೇ ಆರಿಸಿಕೊಂಡ. ಜಗಲಿಯ ಮೇಲೆ ಪೇಪರ್ ತಟ್ಟೆಯಲ್ಲಿ ಮುದ್ದೆ ಬಂತು. ಒಳಗಿನ ಸ್ಟೀಲ್ ತಟ್ಟೆ ಯಾಕಿಲ್ಲ ಅಂತ ಕೇಳಿದ್ದಕ್ಕೆ ನನ್ನ ಹೆಂಡತಿ, "ಹೈಜೀನು" ಅಂದಳು. ಯೂಸ್ ಅಂಡ್ ಥ್ರೋ ತಟ್ಟೆ ಬಂದ ಮೇಲೆ ನಮ್ಮ ಎಷ್ಟೋ ಹಳೇ ಆಚಾರಗಳು ಆರೋಗ್ಯ ಇಲಾಖೆಗೆ ವರ್ಗವಾಗಿವೆ. ಪೇಪರ್ ತಟ್ಟೆಯಲ್ಲಿ ಬಿಸಿ ಸಾರು ನಿಲ್ಲೋದಿಲ್ಲ. ಅವನು ಎರಡು ತಟ್ಟೆ ಒಂದರ ಮೇಲೊಂದು ಇಟ್ಟುಕೊಂಡು, ಅಂಗೈ ಸುಡದಂತೆ ಕೆಳಗೆ ಟವೆಲ್ ಮಡಿಸಿ ಹಿಡಿದು ತಿಂದ.

ನಾನೇನು ಮಾಡಿದೆ? ಒಳಗೆ ಎಲೆಯ ಮುಂದೆ ಕೂತು ಈ ಲೇಖನ ಹೇಗೆ ಶುರು ಮಾಡಬೇಕು ಅಂತ ಯೋಚಿಸುತ್ತಿದ್ದೆ.

ವಾಪಸ್ಸು ಶಿಡ್ಲಘಟ್ಟದ ಮೇಲೆ. ದಾರಿ ಉದ್ದಕ್ಕೂ ಸೊಪ್ಪಿನ ತೋಟ. ಷಡ್ಡಕರು ನಿದ್ದೆಯಲ್ಲಿದ್ದರು. ಊರೊಳಗೆ ನೂಲು ತೆಗೆಯೋ ಮನೆಗಳ ವಾಸನೆ, ಗೂಡು ಬೇಯಿಸುವ ನೀರಿನದು, ಒಳಗೆ ನುಗ್ಗಿದಾಗ ಎಚ್ಚರವಾಗಿ "ಥೂ, ಗ್ಲಾಸ್ ಹಾಕಪ್ಪ" ಅಂದರು. ಹಾಲು ಕುಡಿಯುವ ವಯಸ್ಸಿನಿಂದ ಮೂಗಿಗೆ ಹತ್ತಿದ ವಾಸನೆ. ಗ್ರೀಸಿನಲ್ಲಿ ಎಣ್ಣೆ ಗಾಣದ ಮುಂದೆ ಕಣ್ಣು ಮುಚ್ಚಿ ಉಸಿರೆಳೆದುಕೊಂಡ ವಿಡಿಯೋ ಇದೆ ನಮ್ಮ ಗ್ರೂಪಿನಲ್ಲಿ.

ಚಿಕ್ಕಬಳ್ಳಾಪುರದ ಕಂದವಾರ ಕೆರೆ ಬಂತು. ತುಂಬಿತ್ತು. "ಆಹಾ, ಎಷ್ಟು ನೀರು! ನಿಲ್ಲಿಸು ನಿಲ್ಲಿಸು" ಅಂತ ಇಳಿದರು. ಡೆಲ್ಫಿಯ ಕಸ್ಟಾಲಿಯಾ ಚಿಲುಮೆಯ ನೀರನ್ನು ಅವರು ಬಾಟಲಿಯಲ್ಲಿ ತುಂಬಿಕೊಂಡು ಬಂದು ದೇವರ ಮನೆಯಲ್ಲಿ ಇಟ್ಟಿದ್ದಾರೆ. ಇಲ್ಲೂ ಎರಡು ಕೈ ಚಾಚಿ ಫೋಟೋಕ್ಕೆ ನಿಂತು, "ಮಳೆ ಚೆನ್ನಾಗಾಗಿದೆ ಈ ಕಡೆ" ಅಂದರು.

ಡ್ರೈವರ್ ಫೋನ್ ಹಿಡಿದುಕೊಂಡೇ, ತುಂಬ ವಿನಯದಿಂದ ಹೇಳಿದ. "ಮಳೆ ಅಲ್ಲ ಸಾರ್. ಎಚ್.ಎನ್. ವ್ಯಾಲಿ. ಹೆಬ್ಬಾಳ-ನಾಗವಾರದ ಚರಂಡಿ ನೀರು ಶುದ್ಧಿ ಮಾಡಿ ಪೈಪಲ್ಲಿ ಕಳಿಸ್ತಾರೆ. ನಮ್ದು ಬೋರ್‌ವೆಲ್ ಸಾವಿರ ಅಡಿ ದಾಟಿದ್ರೂ ನೀರಿಲ್ಲ ನೋಡಿ, ಅದಕ್ಕೆ. ಈ ನೀರು ನಿಮ್ದೇ ಸಾರ್."

ಚಾಚಿದ ಕೈ ಹಾಗೇ ಕೆಳಗೆ ಬಂತು. ಐದು ದಿನ ಗ್ರೀಸಿನಲ್ಲಿ, ಎರಡು ದಿನ ಇಲ್ಲಿ ಗೈಡುಗಳು ಹೇಳಿದ ಮಾತುಗಳಲ್ಲೆಲ್ಲ ಷಡ್ಡಕರಿಗೆ ನೇರವಾಗಿ ಸಂಬಂಧಪಟ್ಟ ಮಾತು ಇದೊಂದೇ. ಕಾರು ಹತ್ತಿದ ಮೇಲೆ ಇಂಗ್ಲಿಷಿನಲ್ಲಿ ಅಕ್ಕನಿಗೆ ಹೇಳಿದರು, ಈ ಡ್ರೈವರಿಗೆ ಮಾತು ಸ್ವಲ್ಪ ಜಾಸ್ತಿ ಅಂತ. ಇಂಗ್ಲಿಷು ಅವನಿಗೂ ಬರುತ್ತೆ. ಕನ್ನಡಿಯಲ್ಲಿ ಅವನ ಕಣ್ಣು ಒಂದು ಸಲ ಮೇಲೆದ್ದು ರಸ್ತೆಗೆ ಮರಳಿದ್ದನ್ನು ಮುಂದಿನ ಸೀಟಿನ ಬಡ ನೆಂಟ ನೋಡಿದ.

ಹೆಬ್ಬಾಳದಲ್ಲಿ ಲೆಕ್ಕ. ಮೀಟರ್ ಓದಿ, ಕ್ಯಾಲ್ಕುಲೇಟರ್ ಒತ್ತಿ, ಕೊನೆಗೆ ಬಾಟಾ ಹತ್ತಿರ ಬಂದು ನಿಂತರು. "ಊಟ ನಾವೇ ಹಾಕಿದ್ವಲ್ಲಪ್ಪ? ಒಂದು ದಿನದ್ದು ಕಟ್ ಮಾಡೋಣ." ಅವನು ವಾದ ಮಾಡಲಿಲ್ಲ. ಆಗಲಿ ಸಾರ್ ಅಂದ. ಗ್ರೀಸಿನವನಿಗೆ ಮೂರು ಪ್ಯಾರಾದ ಐದು ನಕ್ಷತ್ರದ ರಿವ್ಯೂ ಬರೆದ ಬೆರಳು ನಮ್ಮವನಿಗೆ ಒಂದು ಹೆಬ್ಬೆಟ್ಟಿನ ಗುರುತನ್ನೂ ಕಳಿಸಲಿಲ್ಲ.

ಆ ರಾತ್ರಿಯೇ ಗ್ರೂಪಿಗೆ ಫೋಟೋ ಬಂದವು. ಎಣಿಸಿದೆ, 212. ಗ್ರೀಸಿನ ಆಲ್ಬಂನಲ್ಲಿ ಡ್ರೈವರ್ ಮೂರರಲ್ಲಿ ಒಂದು ಫೋಟೋದಲ್ಲಿದ್ದ. ಇಲ್ಲಿ ಎಲ್ಲವನ್ನೂ ತೆಗೆದವನು ಒಂದರಲ್ಲೂ ಇಲ್ಲ. ಇಲ್ಲ, ಒಂದರಲ್ಲಿದ್ದಾನೆ. ಕಂದವಾರ ಕೆರೆಯ ಫೋಟೋ ದೊಡ್ಡದು ಮಾಡಿ ನೋಡಿದರೆ ಷಡ್ಡಕರ ಕೂಲಿಂಗ್ ಗ್ಲಾಸಿನಲ್ಲಿ, ಎರಡೂ ಗಾಜಿನಲ್ಲಿ ಒಬ್ಬೊಬ್ಬನಂತೆ, ಕೈಯೆತ್ತಿ ಫೋನ್ ಹಿಡಿದ ಕಡ್ಲೆಕಾಳಿನಷ್ಟು ಮನುಷ್ಯ.

ಇಲ್ಲಿಗೆ ಮುಗಿಸಿದ್ದರೆ ಷಡ್ಡಕರನ್ನು ಚೆನ್ನಾಗಿ ಝಾಡಿಸಿದೆ ಅಂತ ನಾನು ನೆಮ್ಮದಿಯಾಗಿ ಮಲಗಬಹುದಿತ್ತು. ಆದರೆ ಮಾರನೇ ದಿನ ಅಕ್ಕ ಸ್ವೆಟರ್ ಕಾರಿನಲ್ಲೇ ಬಿಟ್ಟಿದ್ದಾರೆ ಅಂತ ಫೋನ್ ಬಂತು. ಡ್ರೈವರ್ ನಂಬರ್ ಹುಡುಕಿದೆ. ನನ್ನ ಮೊಬೈಲಿನಲ್ಲಿ ಅವನು 'ಇನ್ನೋವಾ ವೈಟ್' ಅಂತ ಇದ್ದಾನೆ. ಎರಡು ದಿನ ಪಕ್ಕದಲ್ಲೇ ಕೂತಿದ್ದೆ. ರಾತ್ರಿ ಸಾದಲಿಗೆ ವಾಪಸ್ಸು ಬರುವಾಗ ನಾವಿಬ್ಬರೇ ಇದ್ದೆವು. ಗುರುವೇ ಅಂದಿದ್ದೆ, ಏನಪ್ಪ ಅಂದಿದ್ದೆ, ಬಾಸ್ ಅಂದಿದ್ದೆ. ಹೆಸರು ಕೇಳದೆಯೇ ಆಯಸ್ಸು ಕಳೆಯಲು ಎಷ್ಟು ಪದ ಬೇಕೋ ಅಷ್ಟೂ ಕನ್ನಡದಲ್ಲಿವೆ.

ಫೋನ್ ಮಾಡಿದೆ. ಸ್ವೆಟರ್ ಇದೆ ಸಾರ್, ಮಡಿಸಿ ಇಟ್ಟಿದ್ದೀನಿ ಅಂದ. ಆಮೇಲೆ ಧೈರ್ಯ ಮಾಡಿ ಕೇಳಿದೆ. "ಅದಿರಲಿ, ನಿನ್ನ... ನಿಮ್ಮ ಹೆಸರೇನು?"

ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ ಮೆಲ್ಲಗೆ ಕೇಳಿದ. "ಯಾಕ್ ಸಾರ್, ಏನಾದ್ರೂ ಕಂಪ್ಲೇಂಟಾ?"